ಉಪ್ಪುನೀರಿನ ಸ್ಪಿನ್ನಿಂಗ್ ರೀಲ್: ಬೇರಿಂಗ್ ಆರಿಸುವುದು, ಬದಲಿಸುವುದು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಕ್ಕೆಯಲ್ಲೇ ನಿಲ್ಲುತ್ತವೆ. ದಡದಲ್ಲಿ ನಿಂತು ಗಾಳ ಹಾಕುವವರಿಗೆ ಆ ನಿಷೇಧದ ಸಂಬಂಧವಿಲ್ಲ. ಆದರೂ ಆಟಿಯ ಮಳೆಗೆ ಅಳಿವೆಯ ನೀರು ಕೆಂಪಾಗಿ ಕದಡಿ, ಕಲ್ಲುಬಂಡೆಗಳ ಮೇಲೆ ಕಾಲಿಡುವುದೇ ಕಷ್ಟವಾದಾಗ ಗಾಳದ ದಾರ ಸುತ್ತುವ ನಮ್ಮ ರೀಲ್‌ಗಳೂ ಕಪಾಟು ಸೇರುತ್ತವೆ. ಬೇರಿಂಗ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಕೆಲವು ವರ್ಷಗಳ ಹಿಂದೆ ಅಳಿವೆಯ ಕಲ್ಲುಗಳ ಬದಿಯಲ್ಲಿ ನನ್ನ ಗಾಳಕ್ಕೆ ಒಂದು ದೊಡ್ಡ ಕೆಂಬೇರಿ ಮೀನು ಬಿತ್ತು. ಎರಡನೇ ಓಟದಲ್ಲೇ ಬ್ರೇಡ್ ದಾರ, ಅಂದರೆ ಎಳೆಗಳನ್ನು ಹೆಣೆದ ದಾರ, ಕಡಿದುಹೋಯಿತು. ಮನೆಗೆ ಬಂದು ನೋಡಿದರೆ ಬೇಲ್ ತೋಳಿನ (ದಾರವನ್ನು ಹಿಡಿದು ಸುತ್ತಿಸುವ ತಂತಿಯ ತೋಳು) ತುದಿಯಲ್ಲಿ ದಾರ ಹಾಯುವ ಪುಟ್ಟ ಗಾಲಿ, ಲೈನ್ ರೋಲರ್, ತಿರುಗುತ್ತಲೇ ಇರಲಿಲ್ಲ. ಒಳಗಿನ ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತಿರುಗದ ರೋಲರ್ ಮೇಲೆ ದಾರ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಸಣ್ಣ ಗೀರು ಕೊರೆದಿತ್ತು, ಆ ಗೀರಿನ ಅಂಚೇ ಕೊನೆಗೆ ದಾರವನ್ನು ಕಡಿದಿತ್ತು. ಬಟಾಣಿ ಕಾಳಿನಷ್ಟು ದಪ್ಪದ ಆ ಒಂದು ಬೇರಿಂಗ್ ಬಿಟ್ಟರೆ ರೀಲ್‌ನಲ್ಲಿ ಮತ್ತೆಲ್ಲವೂ ಚೆನ್ನಾಗಿಯೇ ಇತ್ತು.

ಅಂದಿನಿಂದ ಬೇರಿಂಗ್ ವಿಷಯದಲ್ಲಿ ನನ್ನದು ಒಂದೇ ಹಟ. ಎಷ್ಟು ಬೇರಿಂಗ್ ಇವೆ, ಎಷ್ಟು ವೇಗವಾಗಿ ತಿರುಗುತ್ತವೆ ಎಂದು ನಾನು ಕೇಳುವುದಿಲ್ಲ. ಉಪ್ಪನ್ನು ಎಷ್ಟು ತಡೆಯುತ್ತವೆ ಎಂದು ಕೇಳುತ್ತೇನೆ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ದಾರ ಸುತ್ತಿಟ್ಟ ಉರುಳೆ, ಅಂದರೆ ಸ್ಪೂಲ್, ತಿರುಗುವುದೇ ಇಲ್ಲ, ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಕಳಚಿ ಹೋಗುತ್ತದೆ. ಹಾಗಾಗಿ ದುಬಾರಿ ಬೇರಿಂಗ್ ಹಾಕಿದರೆ ಲ್ಯೂರ್ (ಕೃತಕ ಎರೆ) ದೂರ ಹೋಗುತ್ತದೆ ಎಂಬ ಮಾತು ಈ ರೀಲ್‌ಗೆ ಹೊಂದುವುದಿಲ್ಲ. ಇನ್ನು ಸುತ್ತುವಾಗ, ಜೋರಾಗಿ ಸುತ್ತಿದರೂ ಹ್ಯಾಂಡಲ್ ನಿಮಿಷಕ್ಕೆ ನೂರು ಸುತ್ತು, ಸ್ಪೂಲ್ ಸುತ್ತ ತಿರುಗಿ ದಾರ ಸುತ್ತುವ ರೋಟರ್ ಐನೂರು ಆರುನೂರು ಸುತ್ತು. ಈ ಗಾತ್ರದ ಬೇರಿಂಗ್‌ಗಳು ಹತ್ತಾರು ಸಾವಿರ ಸುತ್ತಿನ ವೇಗವನ್ನೂ ತಾಳಬಲ್ಲವು.

ಹಾಳಾಗಿರುವುದು ಯಾವುದು?

ಬಿಚ್ಚುವ ಮೊದಲೇ ಅರ್ಧ ಉತ್ತರ ಕಿವಿಗೆ ಸಿಗುತ್ತದೆ. ಸ್ಪೂಲ್ ತೆಗೆದಿಡಿ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ರೀಲ್‌ನ ಮೈಗೆ, ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ಒತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ. ಈಗ ಗರಗರವನ್ನು ಎಣಿಸಿ. ನಿಮ್ಮ ರೀಲ್‌ನ ಗೇರ್ ಅನುಪಾತ 5.2:1 ಎಂದುಕೊಳ್ಳಿ, ಅಂದರೆ ಹ್ಯಾಂಡಲ್‌ನ ಒಂದು ಸುತ್ತಿಗೆ ರೋಟರ್ 5.2 ಸುತ್ತು. ಹ್ಯಾಂಡಲ್‌ನ ಒಂದು ಸುತ್ತಿಗೆ ಒಂದೇ ಸಲ ತಡೆ ಸಿಕ್ಕಿದರೆ ದೋಷ ಹೆಚ್ಚಾಗಿ ದೊಡ್ಡ ಗೇರ್‌ನ ಕಡೆ, ಅದರ ಎರಡು ಬದಿಯ ಬೇರಿಂಗ್‌ಗಳಲ್ಲೋ ಹಲ್ಲಿನಲ್ಲೋ ಇರುತ್ತದೆ. ಒಂದು ಸುತ್ತಿಗೆ ಸುಮಾರು ಐದು ಸಲ ಟಕಟಕ ಎಂದರೆ ರೋಟರ್‌ನ ಕೆಳಗಿರುವ ಪಿನಿಯನ್ (ರೋಟರನ್ನು ತಿರುಗಿಸುವ ಸಣ್ಣ ಗೇರ್) ಬೇರಿಂಗ್ ಮೇಲೆ ಅನುಮಾನಪಡಿ. ಮೀನು ಎಳೆಯುವಾಗ ಮಾತ್ರ ಕೀರಲು ಸದ್ದು ಬಂದು ಖಾಲಿ ಸುತ್ತುವಾಗ ಸದ್ದಿಲ್ಲದಿದ್ದರೆ ಮೊದಲ ಆರೋಪಿ ಲೈನ್ ರೋಲರ್. ಬ್ರೇಡ್ ದಾರವನ್ನು ರೋಲರ್ ಮೇಲೆ ಹಾಯಿಸಿ, ಎರಡು ತುದಿ ಬಿಗಿ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ರೋಲರ್ ದಾರದ ಜೊತೆ ತಿರುಗಬೇಕು. ದಾರ ಅದರ ಮೇಲೆ ಜಾರಿದರೆ ರೋಲರ್ ನಿಂತಿದೆ ಎಂದೇ ಅರ್ಥ. ದಾರ ಪದೇ ಪದೇ ಮುರಿಗೊಳ್ಳುತ್ತಿದ್ದರೂ ಕಾರಣ ಇದೇ ಇರಬಹುದು.

ನಿಲ್ಲಬೇಕಾದಲ್ಲಿ ನಿಲ್ಲದೆ ಹ್ಯಾಂಡಲ್ ಹಿಂದಕ್ಕೆ ಜಾರುತ್ತಿದ್ದರೆ ಅದು ಬಾಲ್ ಬೇರಿಂಗ್‌ನ ತೊಂದರೆಯಲ್ಲ. ಅದು ಒಂದೇ ದಿಕ್ಕಿಗೆ ತಿರುಗಲು ಬಿಡುವ ರೋಲರ್ ಕ್ಲಚ್‌ನ ಕೆಲಸ. ಡಬ್ಬಿಯ ಮೇಲೆ 5+1 ಎಂದು ಬರೆದಿರುತ್ತದಲ್ಲ, ಆ ಕೊನೆಯ 1 ಇದೇ. ಅಲ್ಲಿಗೆ ಗ್ರೀಸ್ ಸೇರಿದ್ದರೆ ಸಣ್ಣ ರೋಲರ್‌ಗಳು ಹಿಡಿತ ಕಳೆದುಕೊಂಡು ಜಾರುತ್ತವೆ. ಎಷ್ಟೋ ಸಲ ತೊಳೆದು ಒಣಗಿಸಿದರೆ ಸರಿಹೋಗುತ್ತದೆ.

ಅಳತೆ: ಮೂರನೇ ಸಂಖ್ಯೆಯಲ್ಲೇ ಎಡವುವುದು

ಬೇರಿಂಗ್‌ಗೆ ಮೂರು ಅಳತೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಬರೆಯುವುದೂ ಅದೇ ಕ್ರಮದಲ್ಲಿ. 7×11×3 ಎಂದರೆ 7 ಮಿಲಿಮೀಟರ್ ರಂಧ್ರ, 11 ಮಿಲಿಮೀಟರ್ ಹೊರ ಅಂಚು, 3 ಮಿಲಿಮೀಟರ್ ದಪ್ಪ. ಸ್ಕೇಲ್ ಇಟ್ಟು ಅಳೆಯಬೇಡಿ. ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಬೇಕೇ ಬೇಕು. ತುಕ್ಕನ್ನೂ ಗ್ರೀಸನ್ನೂ ಒರೆಸಿ, ಮೂರು ಬೇರೆ ಬೇರೆ ಕಡೆ ಅಳೆದು ಬರೆದುಕೊಳ್ಳಿ.

ಅಂಚಿನಲ್ಲಿ ಕೊರೆದ ಸಂಖ್ಯೆ ಓದಲು ಸಿಕ್ಕರೆ ಕೆಲಸ ಇನ್ನೂ ಸುಲಭ. ಎಂಆರ್117 ಎಂದರೆ ಹೊರವ್ಯಾಸ 11, ಒಳವ್ಯಾಸ 7. ಎಂಆರ್128 ಎಂದರೆ 12 ಮತ್ತು 8. ಎಂಆರ್74 ಎಂದರೆ 7 ಮತ್ತು 4. ಸಂಖ್ಯೆಯ ಹಿಂದೆ ಝಡ್‌ಝಡ್ ಇದ್ದರೆ ಎರಡೂ ಬದಿಗೆ ಲೋಹದ ಮುಚ್ಚಳ, 2ಆರ್‌ಎಸ್ ಇದ್ದರೆ ಎರಡೂ ಬದಿಗೆ ರಬ್ಬರ್ ಸೀಲ್. ಮುಂದೆ ಎಸ್ ಅಕ್ಷರವಿದ್ದರೆ ಸಾಮಾನ್ಯವಾಗಿ ಸ್ಟೇನ್‌ಲೆಸ್ ಎಂದು.

ಒಂದು ಕಡೆ ತುಂಬ ಎಚ್ಚರ ಬೇಕು. ಮುಚ್ಚಳವಿಲ್ಲದ ಎಂಆರ್117ರ ದಪ್ಪ 2.5 ಮಿಲಿಮೀಟರ್, ಮುಚ್ಚಳವಿರುವ ಎಂಆರ್117ಝಡ್‌ಝಡ್‌ನ ದಪ್ಪ 3. ಎಂಆರ್128ರಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು, 2.5ರಿಂದ 3.5ಕ್ಕೆ ಹೋಗುತ್ತದೆ. ಹೆಸರೂ ಒಂದೇ, ಒಳ ಹೊರ ವ್ಯಾಸಗಳೂ ಒಂದೇ, ದಪ್ಪ ಮಾತ್ರ ಬೇರೆ. ನಾನು ಮೊದಲ ಸಲ ಸಂಖ್ಯೆ ಮಾತ್ರ ನೋಡಿ ತೆಳ್ಳನೆಯದನ್ನು ತರಿಸಿದ್ದೆ. ಜೋಡಿಸಿ ಮುಗಿಸಿದ ಮೇಲೆ ಹ್ಯಾಂಡಲ್ ಆ ಅರ್ಧ ಮಿಲಿಮೀಟರ್ ಒಳಹೊರಗೆ ಆಡುತ್ತಿತ್ತು, ಗೇರ್‌ನ ಹಲ್ಲುಗಳು ಸರಿಯಾಗಿ ಕೂಡುತ್ತಿರಲಿಲ್ಲ. ಹಾಗೆಯೇ ಒಂದು ಋತು ಬಳಸಿದ್ದರೆ ಬೇರಿಂಗ್ ಬದಲು ಗೇರ್ ತರಿಸಬೇಕಾಗುತ್ತಿತ್ತು.

ಹ್ಯಾಂಡಲ್ ಗುಬ್ಬಿಯಲ್ಲಿ ಮತ್ತು ಎಷ್ಟೋ ಲೈನ್ ರೋಲರ್‌ಗಳಲ್ಲಿ 4×7×2.5 ಅಳತೆ ಪದೇ ಪದೇ ಸಿಗುತ್ತದೆ. ಆದರೂ ನಿಮ್ಮ ರೀಲ್‌ನದ್ದನ್ನು ಅಳೆಯದೆ ತರಿಸಬೇಡಿ. ಒಂದೇ ಹೆಸರಿನ ಮಾದರಿಯ 2500 ಮತ್ತು 4000 ಗಾತ್ರಗಳಲ್ಲಿ ಬೇರೆ ಬೇರೆ ಬೇರಿಂಗ್ ಇರಬಹುದು. ಕಂಪನಿಯ ಜಾಲತಾಣದಲ್ಲಿ ರೀಲ್‌ನ ಬಿಡಿಭಾಗಗಳ ಚಿತ್ರ ಸಿಕ್ಕರೆ ಮುದ್ರಿಸಿ ಪಕ್ಕದಲ್ಲಿಟ್ಟುಕೊಳ್ಳಿ.

ಏನನ್ನು ಕೊಳ್ಳಬೇಕು

ಅಂಗಡಿಯ ಸಾಮಾನ್ಯ ಬೇರಿಂಗ್‌ಗಳು ಕ್ರೋಮ್ ಉಕ್ಕಿನವು. ಫ್ಯಾನಿಗೆ, ಮೋಟರಿಗೆ ಅವು ಚೆನ್ನ. ಉಪ್ಪುಗಾಳಿ ತಾಗುವ ರೀಲ್‌ಗೆ ಬೇಡ, ಕೆಲವೇ ಪ್ರವಾಸಗಳಲ್ಲಿ ಕಂದು ನೀರು ಇಳಿಯುತ್ತದೆ. 440ಸಿ ಸ್ಟೇನ್‌ಲೆಸ್ ಕೇಳಿ. ಅದೂ ಉಪ್ಪಿಗೆ ಪೂರ್ತಿ ಜಗ್ಗದ ಲೋಹವೇನಲ್ಲ, ಗ್ರೀಸ್ ಒಣಗಿದರೆ ಅದಕ್ಕೂ ತುಕ್ಕು ಬರುತ್ತದೆ. ಆದರೆ ತುಂಬ ನಿಧಾನವಾಗಿ. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡುವವರಿದ್ದಾರೆ, ಅಂಟಿದರೆ ಸ್ಟೇನ್‌ಲೆಸ್ ಅಲ್ಲ ಎನ್ನುತ್ತಾರೆ. ಅಡುಗೆಮನೆಯ ಪಾತ್ರೆಯ ಸ್ಟೀಲಿಗೆ ಆ ಮಾತು ಬಹುಮಟ್ಟಿಗೆ ಸರಿ. ಬೇರಿಂಗ್‌ಗೆ ಬಳಸುವ 440ಸಿ ಗಟ್ಟಿಗೊಳಿಸಿದ ಬೇರೆ ಬಗೆಯ ಸ್ಟೇನ್‌ಲೆಸ್, ಅದಕ್ಕೆ ಆಯಸ್ಕಾಂತ ಅಂಟಿಯೇ ಅಂಟುತ್ತದೆ. ಒಳ್ಳೆಯ ಬೇರಿಂಗನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಬೇಡಿ.

ಎಬಿಇಸಿ 5, 7, 9 ಎಂಬ ಸಂಖ್ಯೆಗಳನ್ನು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅವು ಬೇರಿಂಗ್‌ನ ಒಳ ಹೊರ ಬಳೆಗಳ ಅಳತೆ ಎಷ್ಟು ನಿಖರ, ಸುತ್ತು ಎಷ್ಟು ನೇರ ಎಂಬುದನ್ನು ಹೇಳುವ ದರ್ಜೆಗಳು. ಲೋಹ ಯಾವುದು, ತುಕ್ಕು ಹಿಡಿಯುತ್ತದೆಯೇ, ಒಳಗೆ ಯಾವ ಗ್ರೀಸ್ ಇದೆ ಎಂಬುದನ್ನು ಅವು ಹೇಳುವುದಿಲ್ಲ. ಎಬಿಇಸಿ 3 ಅಥವಾ 5ರ ಸ್ಟೇನ್‌ಲೆಸ್ ಮತ್ತು ಎಬಿಇಸಿ 9ರ ಕ್ರೋಮ್ ಉಕ್ಕು ಎದುರಿಗಿದ್ದರೆ ನಾನು ಎರಡನೇ ಸಲ ಯೋಚಿಸದೆ ಮೊದಲಿನದನ್ನೇ ತೆಗೆದುಕೊಳ್ಳುತ್ತೇನೆ.

ಸೆರಾಮಿಕ್ ಹೈಬ್ರಿಡ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಅದರಲ್ಲಿ ಗುಂಡುಗಳು ಮಾತ್ರ ಸಿಲಿಕಾನ್ ನೈಟ್ರೈಡ್‌ನವು. ಉಕ್ಕಿನ ಗುಂಡಿನ ಅರ್ಧಕ್ಕಿಂತಲೂ ಕಡಿಮೆ ತೂಕ, ತುಕ್ಕು ಹಿಡಿಯುವುದಿಲ್ಲ. ಆದರೆ ಒಳಗಿನ ಹೊರಗಿನ ಬಳೆಗಳು ಲೋಹದವೇ, ಅವುಗಳಿಗೆ ತುಕ್ಕು ಬರುತ್ತದೆ. ಗುಂಡು ಬಳೆಗಿಂತ ಬಹಳ ಗಟ್ಟಿಯಾದ್ದರಿಂದ ದೊಡ್ಡ ಮೀನಿನ ಹಠಾತ್ ಎಳೆತಕ್ಕೆ ಬಳೆಯ ಹಾದಿಯಲ್ಲಿ ಕುಳಿ ಬೀಳುವ ಸಾಧ್ಯತೆಯೂ ಇದೆ. ಸದ್ದೂ ಸ್ವಲ್ಪ ಹೆಚ್ಚು. ಸ್ಪಿನ್ನಿಂಗ್ ರೀಲ್‌ನ ದೊಡ್ಡ ಗೇರ್‌ಗೆ ಅದನ್ನು ಹಾಕುವುದು ದುಡ್ಡು ದಂಡ.

ಮುಚ್ಚಳದ ವಿಷಯದಲ್ಲಿ ನನ್ನ ಲೆಕ್ಕ ಹೀಗಿದೆ. ದೊಡ್ಡ ಗೇರ್‌ನ ಎರಡು ಬದಿಗೆ ರಬ್ಬರ್ ಸೀಲ್‌ನ 2ಆರ್‌ಎಸ್. ತಿರುಗುವಾಗ ಒಂದಿಷ್ಟು ಬಿಗಿ ಎನಿಸುತ್ತದೆ, ಆದರೆ ಹ್ಯಾಂಡಲ್ ತೂತಿನಿಂದ ನುಗ್ಗುವ ಉಪ್ಪುನೀರು ಮೊದಲು ಮುಟ್ಟುವುದು ಅಲ್ಲಿಗೇ. ಲೈನ್ ರೋಲರ್‌ಗೂ ಆ ಅಳತೆಯಲ್ಲಿ ರಬ್ಬರ್ ಸೀಲ್ ಸಿಕ್ಕರೆ ಅದೇ, ಸಿಗದಿದ್ದರೆ ಝಡ್‌ಝಡ್. ಪಿನಿಯನ್‌ಗೆ ಝಡ್‌ಝಡ್. ಬೆಂಗಳೂರಿನಲ್ಲಿರುವವರು ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆಯ ಸುತ್ತಮುತ್ತ ಬೇರಿಂಗ್ ಅಂಗಡಿಗಳಲ್ಲಿ ಹಳೆಯ ತುಂಡನ್ನೇ ತೋರಿಸಿ ಕೇಳಬಹುದು. ಉಳಿದವರಿಗೆ ಆನ್‌ಲೈನ್ ದಾರಿ. ಎನ್‌ಎಸ್‌ಕೆ, ಎನ್‌ಎಂಬಿ, ಇಝಡ್‌ಒ ಮುಂತಾದವರು ಈ ಸಣ್ಣ ಅಳತೆಗಳನ್ನು ಮಾಡುತ್ತಾರೆ. ಹೆಸರಿಲ್ಲದ ಹತ್ತರ ಪ್ಯಾಕೆಟ್‌ಗಿಂತ ಹೆಸರಿರುವ ಎರಡು ಬೇರಿಂಗ್ ಮೇಲು.

ಕಡಿಮೆ ಬೆಲೆಯ ರೀಲ್‌ಗಳಲ್ಲಿ ಕೆಲವು ಕಡೆ ಬೇರಿಂಗ್ ಬದಲು ಅದೇ ಅಳತೆಯ ಪ್ಲಾಸ್ಟಿಕ್ ಬುಶ್ ಇರುತ್ತದೆ. ದೊಡ್ಡ ಗೇರ್‌ನ ಒಂದು ಬದಿಗೆ ಬುಶ್ ಇದ್ದರೆ ಅಲ್ಲಿ ಬೇರಿಂಗ್ ಹಾಕಿ, ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಹ್ಯಾಂಡಲ್ ಗುಬ್ಬಿಯಲ್ಲಿನ ಬುಶ್ ಬದಲಿಸುವುದು ನಿಮ್ಮ ಇಷ್ಟ.

ಬಿಚ್ಚುವುದು

ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ. ಚಿಮ್ಮಿದ ಸ್ಪ್ರಿಂಗ್ ಅದರ ಮೇಲೆ ಉರುಳದೆ ನಿಲ್ಲುತ್ತದೆ, ಕಣ್ಣಿಗೂ ಕಾಣುತ್ತದೆ. ಪಕ್ಕದಲ್ಲಿ ಖಾಲಿ ಮೊಟ್ಟೆ ಟ್ರೇ ಇಡಿ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಭಾಗ. ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆಯಿರಿ, ಮುಖ್ಯವಾಗಿ ವಾಷರ್‌ಗಳ ಬದಿ ಕಾಣುವ ಹಾಗೆ. ಜಪಾನಿನ ಹಲವು ರೀಲ್‌ಗಳ ಸ್ಕ್ರೂಗಳು ಜೆಐಎಸ್ ಎಂಬ ಜಪಾನಿ ಮಾನದಂಡದವು. ಸಾಮಾನ್ಯ ಫಿಲಿಪ್ಸ್ ಡ್ರೈವರ್ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನೇ ಕೆಡಿಸುತ್ತದೆ. ಉಪ್ಪು ಹಿಡಿದ ಸ್ಕ್ರೂಗೆ ಒಂದು ಹನಿ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ.

ಲೈನ್ ರೋಲರ್ ಮಾತ್ರ ಬದಲಿಸುವುದಾದರೆ ಇಡೀ ರೀಲ್ ಬಿಚ್ಚಬೇಕಿಲ್ಲ. ಬೇಲ್ ತೋಳಿನ ಒಂದು ಸ್ಕ್ರೂ ತೆಗೆದರೆ ಸಾಕು. ಆದರೆ ಒಳಗೆ ರೋಲರ್, ಬೇರಿಂಗ್, ಎರಡು ಬದಿಯ ಕಾಲರ್ ಅಥವಾ ತೆಳು ವಾಷರ್‌ಗಳು ಒಂದರೊಳಗೊಂದು ಕೂತಿರುತ್ತವೆ. ಹೊರಗೆಳೆದ ಕೂಡಲೇ ಸಾಲಾಗಿ ಒಂದು ಟೂತ್‌ಪಿಕ್‌ಗೆ ಪೋಣಿಸಿಬಿಡಿ, ಕ್ರಮ ಉಲ್ಟಾ ಆಗುವುದಿಲ್ಲ. ರೋಲರ್‌ನ ಮೇಲ್ಮೈಯನ್ನು ಉಗುರಿನಿಂದ ತಡವಿ ನೋಡಿ. ಗೀರು ಸಿಕ್ಕಿದರೆ ಬೇರಿಂಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ರೋಲರ್ ಸಹ ಹೊಸದು ಬೇಕು.

ಮುಖ್ಯ ಬೇರಿಂಗ್‌ಗಳಿಗೆ ಇಳಿಯುವುದಾದರೆ ಮೊದಲು ಹ್ಯಾಂಡಲ್ ಕಳಚಿ. ಆಮೇಲೆ ರೋಟರ್ ನಟ್‌ಗೆ ತಡೆಯಾಗಿರುವ ಸಣ್ಣ ಸ್ಕ್ರೂ ತೆಗೆದು ನಟ್ ಬಿಚ್ಚಿ. ಕೆಲವು ರೀಲ್‌ಗಳಲ್ಲಿ ಈ ನಟ್‌ನ ತಿರುವು ಉಲ್ಟಾ ಇರುತ್ತದೆ. ಬಲ ಹಾಕಿದಷ್ಟೂ ಬಿಗಿಯಾಗುತ್ತಿದ್ದರೆ ನಿಲ್ಲಿಸಿ, ಇನ್ನೊಂದು ದಿಕ್ಕಿಗೆ ಪ್ರಯತ್ನಿಸಿ. ರೋಟರ್ ಮೇಲೆ ಬಂದ ನಂತರ ಕಾಣುವ ಕ್ಲಚ್ ಡಬ್ಬಿಯನ್ನು ಇಡಿಯಾಗಿ ತೆಗೆಯಿರಿ. ಒಳಗಿನ ತೋಳನ್ನು ಎಳೆದರೆ ಸಣ್ಣ ರೋಲರ್‌ಗಳೂ ಕೂದಲಿನಂಥ ಸ್ಪ್ರಿಂಗ್‌ಗಳೂ ಉದುರಬಹುದು. ಅದರ ಕೆಳಗೆ ಪಿನಿಯನ್ ಬೇರಿಂಗ್ ಸಿಗುತ್ತದೆ. ನಂತರ ಪಕ್ಕದ ಮುಚ್ಚಳ. ಅದರ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಯಾವ ತೂತಿನದು ಯಾವುದೆಂದು ಗುರುತಿಟ್ಟುಕೊಳ್ಳಿ. ದೊಡ್ಡ ಗೇರ್ ಎತ್ತುವಾಗ ಅದರ ಎರಡೂ ಕಡೆ ಕಾಗದದಷ್ಟು ತೆಳುವಾದ ವಾಷರ್ ಇರಬಹುದು, ಗ್ರೀಸಿಗೆ ಅಂಟಿಕೊಂಡು ಬೇರಿಂಗ್ ಜೊತೆಗೇ ಬಂದುಬಿಡುತ್ತದೆ. ಗೇರ್‌ಗಳ ಹಲ್ಲು ಎಷ್ಟು ಆಳಕ್ಕೆ ಕೂಡಬೇಕೆಂದು ತೀರ್ಮಾನಿಸುವುದು ಅದೇ ವಾಷರ್. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ಬೇರಿಂಗ್ ಜಾಗದಲ್ಲೇ ಕಚ್ಚಿಕೊಂಡಿದ್ದರೆ ಹೇರ್ ಡ್ರೈಯರ್‌ನಿಂದ ಸುತ್ತಲಿನ ಲೋಹಕ್ಕೆ ಒಂದೆರಡು ನಿಮಿಷ ಬಿಸಿ ಕೊಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಅಥವಾ ಗ್ರಾಫೈಟ್ ಮೈಯ ರೀಲ್ ಆದರೆ ಬಿಸಿ ಬೇಡ, ಎಣ್ಣೆ ಮತ್ತು ತಾಳ್ಮೆ.

ಡೈವಾ ಕಂಪನಿಯ ಮ್ಯಾಗ್‌ಸೀಲ್ಡ್ ರೀಲ್ ನಿಮ್ಮಲ್ಲಿದ್ದರೆ ಇಲ್ಲಿಗೇ ನಿಲ್ಲಿ. ಅದರಲ್ಲಿ ಆಯಸ್ಕಾಂತ ಹಿಡಿದಿಟ್ಟ ವಿಶೇಷ ಎಣ್ಣೆಯೇ ನೀರಿಗೆ ತಡೆ. ಮನೆಯಲ್ಲಿ ತೊಳೆದರೆ, ಬೇರೆ ಎಣ್ಣೆ ಬಿಟ್ಟರೆ ಆ ತಡೆ ಹೋಗುತ್ತದೆ. ಅದನ್ನು ಸರ್ವಿಸ್‌ಗೇ ಕೊಡಿ.

ಬಿಸಾಡುವ ಮೊದಲು ತೊಳೆದು ನೋಡಿ

ಹಾಳಾಗಿದೆ ಎಂದುಕೊಂಡ ಬೇರಿಂಗ್‌ಗಳಲ್ಲಿ ಕೊಳೆ ಮಾತ್ರ ತುಂಬಿರುವುದು ತೀರ ಸಾಮಾನ್ಯ. ಮುಚ್ಚಳದ ಅಂಚಿನಲ್ಲಿ ಸಿ ಆಕಾರದ ತಂತಿ ಕ್ಲಿಪ್ ಇದ್ದರೆ ಸೂಜಿಯಿಂದ ಅದರ ತುದಿಯನ್ನು ಎಬ್ಬಿಸಿ ಮುಚ್ಚಳ ತೆಗೆಯಬಹುದು. ಕ್ಲಿಪ್ ಚಿಮ್ಮುತ್ತದೆ, ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಮಾಡಿ. ಒತ್ತಿ ಕೂರಿಸಿದ ಮುಚ್ಚಳವಾದರೆ ಕೆದಕಬೇಡಿ. ರಬ್ಬರ್ ಸೀಲ್‌ನ ಒಳ ಅಂಚನ್ನು ಸೂಜಿಯಿಂದ ಮೆಲ್ಲಗೆ ಎತ್ತಿದರೆ ಬರುತ್ತದೆ.

ಸಣ್ಣ ಗಾಜಿನ ಬಾಟಲಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಲೈಟರ್ ದ್ರವ ಹಾಕಿ ಅಲುಗಿಸಿ. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡ. ಒಣಗಿದ ಮೇಲೆ ಒಂದು ಹನಿ ತೆಳು ಎಣ್ಣೆ ಬಿಟ್ಟು, ಚೂಪಾದ ಪೆನ್ಸಿಲ್‌ಗೆ ಸಿಕ್ಕಿಸಿ, ಹೊರಬಳೆಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತುತ್ತ ನಿಧಾನವಾಗಿ ತಿರುಗಿಸಿ. ಮರಳಿನ ಕಾಳು ಸಿಕ್ಕಂತೆ ಅಲ್ಲಲ್ಲಿ ತಡೆದರೆ ಇನ್ನೊಮ್ಮೆ ತೊಳೆಯಿರಿ. ಆಗಲೂ ತಡೆಯುತ್ತಿದ್ದರೆ ಹಾದಿಯಲ್ಲಿ ಕುಳಿ ಬಿದ್ದಿದೆ, ಬದಲಿಸಿ. ಬೆರಳಿನಿಂದ ಚಿಮ್ಮಿ ಎಷ್ಟು ಹೊತ್ತು ತಿರುಗುತ್ತದೆಂದು ನೋಡುವ ಪರೀಕ್ಷೆಯನ್ನು ನಂಬಬೇಡಿ. ಗ್ರೀಸ್ ತುಂಬಿದ ಒಳ್ಳೆಯ ಬೇರಿಂಗ್ ಒಂದೆರಡು ಸುತ್ತಿಗೇ ನಿಲ್ಲುತ್ತದೆ, ಒಣಗಿದ ಹಾಳು ಬೇರಿಂಗ್ ಗಿರಗಿರನೆ ತಿರುಗುತ್ತಲೇ ಇರುತ್ತದೆ. ಬಳೆಗಳು ಒಂದಕ್ಕೊಂದು ಚೂರು ಅಲುಗಾಡುವುದೂ ಸಹಜ.

ಹೊಸದನ್ನು ಕೂರಿಸುವುದು

ಜಾಗವನ್ನು ಚೆನ್ನಾಗಿ ಒರೆಸಿ. ಹಸಿರು ಅಥವಾ ಬಿಳಿ ಉಪ್ಪಿನ ಪುಡಿ ಇದ್ದರೆ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ. ಹೊರ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವಾಗ ಬೇರಿಂಗ್ ಕಚ್ಚಿಕೊಂಡಿರುವುದಿಲ್ಲ. ನಾನು ಇದನ್ನು ಯಾವತ್ತೂ ಬಿಡುವುದಿಲ್ಲ.

ಬೇರಿಂಗನ್ನು ಗುಂಡಿಯೊಳಗೆ ಒತ್ತುವಾಗ ಹೊರಬಳೆಯನ್ನು ಒತ್ತಬೇಕು, ಶಾಫ್ಟಿಗೆ ಸೇರಿಸುವಾಗ ಒಳಬಳೆಯನ್ನು. ತಪ್ಪು ಬಳೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹೊಸ ಬೇರಿಂಗ್‌ನಲ್ಲೇ ಕುಳಿ ಬೀಳುತ್ತದೆ. ಸರಿಯಾದ ವ್ಯಾಸದ ಸಾಕೆಟ್ ಇಟ್ಟು ಅಂಗೈಯಿಂದ ಒತ್ತಿದರೆ ಸಾಕು. ಸುತ್ತಿಗೆ ಮುಟ್ಟಬೇಡಿ. ಅಂಗೈ ಬಲಕ್ಕೆ ಹೋಗದಿದ್ದರೆ ಓರೆಯಾಗಿ ಕೂತಿದೆ, ಇಲ್ಲವೇ ಅಳತೆ ತಪ್ಪಿದೆ.

ದೊಡ್ಡ ಗೇರ್‌ನ ಬೇರಿಂಗ್ ನಿಧಾನವಾಗಿ ತಿರುಗುವಂಥದ್ದು. ಅದರ ಸೀಲ್ ಎತ್ತಿ ಮರೈನ್ ಗ್ರೀಸನ್ನು ಧಾರಾಳವಾಗಿ ತುಂಬಿ. ಗಾಳಿಗೆ ಜಾಗವಿಲ್ಲದ ಕಡೆ ನೀರಿಗೂ ಜಾಗವಿಲ್ಲ. ಪಿನಿಯನ್‌ಗೆ ಅದಕ್ಕಿಂತ ಕಡಿಮೆ, ಖಾಲಿ ಜಾಗದ ಮೂರನೇ ಒಂದು ಭಾಗದಷ್ಟು. ಲೈನ್ ರೋಲರ್‌ಗೆ ಮೃದುವಾದ ಗ್ರೀಸ್. ಗಟ್ಟಿ ಗ್ರೀಸ್ ತುಂಬಿದರೆ ಹಗುರ ದಾರಕ್ಕೆ ರೋಲರ್ ತಿರುಗುವುದಿಲ್ಲ. ಕ್ಲಚ್‌ಗೆ ಗ್ರೀಸ್ ಸೋಕದಂತೆ ನೋಡಿಕೊಳ್ಳಿ, ಸೂಜಿ ತುದಿಯ ಒಂದು ಹನಿ ತೆಳು ಎಣ್ಣೆ ಸಾಕು. ಡಬ್ಲ್ಯೂಡಿ-40 ನೀರು ಹೊರಹಾಕಲು ಒಳ್ಳೆಯದು, ಆದರೆ ಅದನ್ನು ಸಿಂಪಡಿಸಿ ಮುಚ್ಚಿಬಿಟ್ಟರೆ ಇರುವ ಗ್ರೀಸನ್ನೂ ಕರಗಿಸಿ ಹರಿಸುತ್ತದೆ.

ಬಿಚ್ಚಿದ ಕ್ರಮವನ್ನೇ ಹಿಂದಿನಿಂದ ಅನುಸರಿಸಿ ಜೋಡಿಸಿ. ಪಕ್ಕದ ಮುಚ್ಚಳದ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ, ಎದುರುಬದುರಾಗಿ ಬಿಗಿಮಾಡುತ್ತ, ನಡುನಡುವೆ ಹ್ಯಾಂಡಲ್ ತಿರುಗಿಸಿ ನೋಡಿ. ಬಿಗಿ ಮಾಡಿದಂತೆಲ್ಲ ಹ್ಯಾಂಡಲ್ ಗಟ್ಟಿಯಾದರೆ ಎಲ್ಲೋ ಒಂದು ವಾಷರ್ ಹೆಚ್ಚಾಗಿದೆ ಅಥವಾ ಬೇರಿಂಗ್ ಪೂರ್ತಿ ಕೂತಿಲ್ಲ. ಹ್ಯಾಂಡಲ್ ಒಳಹೊರಗೆ ಆಡಿದರೆ ವಾಷರ್ ಕಡಿಮೆಯಾಗಿದೆ. ಎರಡನ್ನೂ ಈಗಲೇ ಸರಿಪಡಿಸಿ.

ಬೇಟ್‌ಕಾಸ್ಟರ್ ಇದ್ದರೆ

ಸ್ಪೂಲ್ ಅಡ್ಡಲಾಗಿ ಕೂತಿರುವ ಈ ಬಗೆಯ ರೀಲ್‌ನಲ್ಲಿ ಕತೆ ಬೇರೆ. ಎಸೆಯುವಾಗ ಸ್ಪೂಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಹಾಗಾಗಿ ಹಗುರ ಬೇರಿಂಗ್, ತೆಳು ಎಣ್ಣೆ, ಸೆರಾಮಿಕ್ ಗುಂಡು ಇವಕ್ಕೆಲ್ಲ ಅರ್ಥವಿದೆ. 3×10×4 ಅಳತೆ ಹಲವು ರೀಲ್‌ಗಳಲ್ಲಿ ಕಾಣುತ್ತದೆ. ಸ್ಪೂಲ್ ಶಾಫ್ಟ್‌ನ ಅಡ್ಡಪಿನ್ ಬೇರಿಂಗನ್ನು ಹಿಡಿದಿದ್ದರೆ ಪಿನ್ ತೆಗೆಯುವ ಸಣ್ಣ ಉಪಕರಣ ಕೊಳ್ಳಿ. ಕಟಿಂಗ್ ಪ್ಲೇಯರ್‌ನಲ್ಲಿ ಎಳೆದರೆ ಶಾಫ್ಟ್ ಬಾಗುತ್ತದೆ. ಬೇರಿಂಗ್‌ಗೆ ಒಂದೇ ಒಂದು ಹನಿ ಎಣ್ಣೆ. ಗ್ರೀಸ್ ಬೇಡ.

ಹಾಕಿದ ಮೇಲೆ

ಮೀನು ಹಿಡಿದು ಬಂದ ದಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬ್ರೇಕ್) ಬಿಗಿ ಮಾಡಿ, ಸಿಹಿನೀರನ್ನು ಚೊಂಬಿನಿಂದ ಮೆಲ್ಲಗೆ ಸುರಿಯಿರಿ. ಪೈಪಿನ ರಭಸದ ನೀರು ಉಪ್ಪನ್ನು ಸೀಲ್ ದಾಟಿಸಿ ಒಳಗೇ ತಳ್ಳುತ್ತದೆ, ಬಕೆಟ್‌ನಲ್ಲಿ ಮುಳುಗಿಸಿದರೂ ಅದೇ ಗತಿ. ನೀರು ಕೊಡವಿ, ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಿನಲ್ಲಿ ಒಣಗಲು ಬಿಡಿ. ಒಣಗಿದ ಮೇಲೆ ಲೈನ್ ರೋಲರ್‌ನ ಪಕ್ಕಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ದಾರ ಎಳೆದು ಅದು ತಿರುಗುವುದನ್ನು ಕಣ್ಣಾರೆ ನೋಡಿ.

ತೆಗೆದ ಹಳೆಯ ಬೇರಿಂಗ್‌ಗಳನ್ನು ಎಸೆಯಬೇಡಿ. ಸಣ್ಣ ಜಿಪ್ ಕವರ್‌ಗೆ ಹಾಕಿ, ರೀಲ್‌ನ ಹೆಸರು, ಯಾವ ಜಾಗದ್ದು, ಮೂರೂ ಅಳತೆ, ಬದಲಿಸಿದ ತಿಂಗಳು ಬರೆದು ರೀಲ್ ಚೀಲದಲ್ಲೇ ಇಡಿ. ಜೊತೆಗೆ ಲೈನ್ ರೋಲರ್‌ನ ಒಂದು ಹೊಸ ಬೇರಿಂಗೂ ಇರಲಿ.